ಸಾಕೆಟ್‌ಗೆ ಕೂತ ವಾಲ್ವೆಲ್ಲ ಬದಲಿ ವಾಲ್ವಲ್ಲ

"ಪಿನ್ ಒಂದೇ, ಹಾಕಿ ನೋಡಿ." ವಾಲ್ವ್ (ಗಾಜಿನ ವ್ಯಾಕ್ಯೂಮ್ ಟ್ಯೂಬ್) ಆಂಪ್ಲಿಫೈಯರ್ ಇಟ್ಟುಕೊಂಡವರಿಗೆ ಇಷ್ಟು ಸಲೀಸಾಗಿ ಸಿಗುವ ಸಲಹೆ ಇನ್ನೊಂದಿಲ್ಲ. ಇಷ್ಟು ಆಂಪ್ಲಿಫೈಯರ್ ಸುಡಿಸಿದ ಸಲಹೆಯೂ ಬೇರೆ ಇರಲಾರದು. ಬದಲಿ ವಾಲ್ವ್ ಆರಿಸುವಾಗ ಬ್ರ್ಯಾಂಡ್, ದನಿಯ ಗುಣ ಎಲ್ಲ ಆಮೇಲೆ. ಮೊದಲು ನೋಡಬೇಕಾದ್ದು ಹೀಟರ್ (ವಾಲ್ವನ್ನು ಒಳಗಿಂದ ಕಾಯಿಸುವ ತಂತಿ), ಅದರ ಪಿನ್, ಅದು ಎಳೆಯುವ ಕರೆಂಟ್.

ಸಣ್ಣ ವಾಲ್ವಿನಿಂದ ಶುರು ಮಾಡೋಣ. 12ಎಎಕ್ಸ್7 ಮತ್ತು ಇಸಿಸಿ83 ಒಂದೇ ವಾಲ್ವಿನ ಎರಡು ಹೆಸರು. 12ಎಟಿ7 ಅಂದರೆ ಇಸಿಸಿ81, 12ಎಯು7 ಅಂದರೆ ಇಸಿಸಿ82. ಮೂರಕ್ಕೂ ಪಿನ್ ಜೋಡಣೆ ಒಂದೇ, ಹೀಟರ್ ಕೂಡ ಒಂದೇ: 4 ಮತ್ತು 5ನೇ ಪಿನ್ ನಡುವೆ 12.6 ವೋಲ್ಟ್, ಅಥವಾ 4-5 ಸೇರಿಸಿ 9ರ ಜೊತೆ 6.3 ವೋಲ್ಟ್. ಹಾಗಾಗಿ ಅದಲುಬದಲು ಮಾಡಿದರೆ ಏನೂ ಸುಡುವುದಿಲ್ಲ. ಆದರೆ ಮ್ಯು (ಸಿಗ್ನಲ್ ಅನ್ನು ಎಷ್ಟು ಪಟ್ಟು ಹಿಗ್ಗಿಸಬಲ್ಲದು ಎಂಬ ಅಂಕಿ) 100 ಇರುವ 12ಎಎಕ್ಸ್7 ಜಾಗಕ್ಕೆ ಸುಮಾರು 20 ಇರುವ 12ಎಯು7 ಬಂದರೆ ಏನಾಗುತ್ತದೆ? ಹೆಚ್ಚಿನ ಹೈಫೈ ಆಂಪ್ಲಿಫೈಯರ್‌ಗಳಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ (ಹೊರಬಂದ ಸಿಗ್ನಲ್‌ನ ಒಂದು ಪಾಲನ್ನು ತಪ್ಪು ತಿದ್ದಲು ಮತ್ತೆ ಒಳಗೆ ಕಳಿಸುವುದು) ಇರುತ್ತದೆ. ಆ ಸುತ್ತಿನೊಳಗೆ ಗೇನ್ (ಹಿಗ್ಗಿಸುವ ಪ್ರಮಾಣ) ಇಳಿಸಿದರೆ ದನಿ ಇಳಿಯುವುದು ಸ್ವಲ್ಪ, ಫೀಡ್‌ಬ್ಯಾಕ್ ಕರಗುವುದೇ ಹೆಚ್ಚು. ಡಿಸ್ಟಾರ್ಷನ್ (ದನಿಯ ವಿರೂಪ) ಏರುತ್ತದೆ, ಸ್ಪೀಕರ್ ಮೇಲಿನ ಹಿಡಿತ ಸಡಿಲವಾಗುತ್ತದೆ. ಅದನ್ನೇ ಕೆಲವರು "ಮೃದುವಾದ ದನಿ" ಅಂತ ಮೆಚ್ಚಿಕೊಳ್ಳುತ್ತಾರೆ. ಉಲ್ಟಾ ಮಾಡಿ, ಡ್ರೈವರ್ ಜಾಗದ 12ಎಯು7 ತೆಗೆದು 12ಎಎಕ್ಸ್7 ಹಾಕಿದರೆ, ಒಂದೆರಡು ಮಿಲಿಆಂಪ್‌ಗೇ ಸುಸ್ತಾಗುವ ಆ ವಾಲ್ವಿಗೆ ಮುಂದಿನ ಹಂತವನ್ನು ತಳ್ಳುವ ಶಕ್ತಿ ಇರುವುದಿಲ್ಲ. ಗೇನ್ ಕೊಂಚ ಕಡಿಮೆ ಬೇಕಿದ್ದರೆ 5751 ನೋಡಿ: ಮ್ಯು 70, ಗುಣ 12ಎಎಕ್ಸ್7ಗೆ ಹತ್ತಿರ, ಹೀಟರ್ ಮಾತ್ರ 6.3 ವೋಲ್ಟ್‌ನಲ್ಲಿ 300ರ ಬದಲು 350 ಮಿಲಿಆಂಪ್.

6ಡಿಜೆ8 (ಇಸಿಸಿ88) ವಿಷಯಕ್ಕೆ ಬಂದರೆ ಅಪಾಯ ನಿಜವಾದದ್ದು. ಒಂಬತ್ತು ಪಿನ್, ಸಾಕೆಟ್‌ಗೆ ಸಲೀಸಾಗಿ ಕೂರುತ್ತದೆ. ಆದರೆ ಇದಕ್ಕೆ 4-5ರ ನಡುವೆ 6.3 ವೋಲ್ಟ್ ಬೇಕು, 9ನೇ ಪಿನ್ ಬರೀ ಶೀಲ್ಡ್. 12.6 ವೋಲ್ಟ್ ಬರುವ ಸಾಕೆಟ್‌ಗೆ ಹಾಕಿದರೆ ಹೀಟರ್‌ಗೆ ದುಪ್ಪಟ್ಟು ವೋಲ್ಟೇಜ್. 4-5 ಸೇರಿಸಿದ ಸಾಕೆಟ್‌ಗೆ ಹಾಕಿದರೆ ಹೀಟರ್ ಹತ್ತುವುದೇ ಇಲ್ಲ. ಸಾಲದ್ದಕ್ಕೆ ಅದರ ಪ್ಲೇಟ್ (ಹೆಚ್ಚಿನ ವೋಲ್ಟೇಜ್ ಬರುವ ತುದಿ) ಮಿತಿ 130 ವೋಲ್ಟ್. ರಷ್ಯಾದ 6ಎನ್2ಪಿ ವಾಲ್ವಿನದೂ ಇದೇ ಬಲೆ: ಮ್ಯು ಸುಮಾರು 100 ಅಂತ 12ಎಎಕ್ಸ್7 ಬದಲಿಗೆ ಮಾರುತ್ತಾರೆ, ಹೀಟರ್ ಪಿನ್ ಮಾತ್ರ 6ಡಿಜೆ8 ಥರ.

ಪವರ್ ವಾಲ್ವ್‌ಗಳಲ್ಲಿ ಹೀಟರ್ ಲೆಕ್ಕ ಇನ್ನೂ ದೊಡ್ಡದು. ತಲಾ 6ಎಲ್6ಜಿಸಿ 0.9 ಆಂಪ್, ಇಎಲ್34 1.5, ಕೆಟಿ88 1.6. ನಾಲ್ಕು 6ಎಲ್6 ತೆಗೆದು ನಾಲ್ಕು ಇಎಲ್34 ಹಾಕಿದರೆ ಟ್ರಾನ್ಸ್‌ಫಾರ್ಮರ್ ಮೇಲೆ 2.4 ಆಂಪ್ ಹೆಚ್ಚಿನ ಹೊರೆ. ಅದು ತಡೆಯುತ್ತದೆಯೇ ಎಂದು ಖಚಿತವಾಗದೆ ಮುಟ್ಟಬೇಡಿ. ಇಎಲ್34ರ 1ನೇ ಪಿನ್ ಸಪ್ರೆಸರ್ ಗ್ರಿಡ್ (ವಾಲ್ವಿನೊಳಗಿನ ಒಂದು ಜಾಲರಿ), ಅದನ್ನು 8ನೇ ಪಿನ್‌ಗೆ (ಕ್ಯಾಥೋಡ್, ಎಲೆಕ್ಟ್ರಾನ್ ಹೊರಡುವ ತುದಿ) ಬೆಸೆದಿರಬೇಕು. 6ಎಲ್6 ಆಂಪ್ಲಿಫೈಯರ್‌ಗಳಲ್ಲಿ 1ನೇ ಪಿನ್ ಖಾಲಿ ಅಂತ ಕೆಲವು ತಯಾರಕರು ಅಲ್ಲಿಗೇ ಗ್ರಿಡ್ ರೆಸಿಸ್ಟರ್ ಬೆಸೆದಿರುತ್ತಾರೆ, ತಳ ಬಿಚ್ಚಿ ನೋಡಲೇಬೇಕು.

ಇನ್ನು ಬಯಸ್, ಅಂದರೆ ವಾಲ್ವ್ ಸುಮ್ಮನಿರುವಾಗ ಎಳೆಯುವ ಕರೆಂಟ್ ನಿರ್ಧರಿಸುವ ಗ್ರಿಡ್‌ನ ನೆಗೆಟಿವ್ ವೋಲ್ಟೇಜ್. ಡೇಟಾಶೀಟ್ ಪ್ರಕಾರ ಪ್ಲೇಟ್‌ಗೆ 450 ವೋಲ್ಟ್, ಗ್ರಿಡ್‌ಗೆ ಮೈನಸ್ 37 ವೋಲ್ಟ್ ಇದ್ದಾಗ ಒಂದು 6ಎಲ್6ಜಿಸಿ ಸುಮಾರು 58 ಮಿಲಿಆಂಪ್ ಎಳೆಯುತ್ತದೆ. ಇಎಲ್34 ಮೈನಸ್ 38ರ ಆಸುಪಾಸಿನಲ್ಲಿ 30 ಮಿಲಿಆಂಪ್‌ಗೆ ನಿಲ್ಲುತ್ತದೆ. ಹಾಗಾಗಿ ಬಯಸ್ ಮುಟ್ಟದೆ ಇಎಲ್34 ಜಾಗಕ್ಕೆ 6ಎಲ್6 ಹಾಕಿದರೆ ಪ್ಲೇಟ್ ಕೆಂಪಗಾಗುತ್ತದೆ, ಉಲ್ಟಾ ಮಾಡಿದರೆ ಕ್ರಾಸ್‌ಓವರ್ ಡಿಸ್ಟಾರ್ಷನ್ (ಕರೆಂಟ್ ಸಾಲದೆ ಬರುವ ಒಡಕು). ಫಿಕ್ಸೆಡ್ ಬಯಸ್‌ನಲ್ಲಿ (ಗ್ರಿಡ್ ವೋಲ್ಟೇಜ್ ಬೇರೆ ಸಪ್ಲೈಯಿಂದ ಬರುವ ವಿಧಾನ) ಪ್ಲೇಟ್‌ನ ವಾಟ್ ಮಿತಿಯ ಶೇ. 70 ಮೀರದಿರುವುದು ಒಳ್ಳೆಯದು. ಇಎಲ್34ಗೆ 25 ವಾಟ್‌ನ ಶೇ. 70 ಅಂದರೆ 17.5 ವಾಟ್, 450 ವೋಲ್ಟ್‌ಗೆ ಸುಮಾರು 39 ಮಿಲಿಆಂಪ್. ಕ್ಯಾಥೋಡ್‌ಗೆ 1 ಓಮ್ ರೆಸಿಸ್ಟರ್ ಇದ್ದರೆ ಮಲ್ಟಿಮೀಟರ್ ತೋರುವ ಒಂದು ಮಿಲಿವೋಲ್ಟ್ ಒಂದು ಮಿಲಿಆಂಪ್‌ಗೆ ಸಮ (ಸ್ಕ್ರೀನ್ ಎಂಬ ಇನ್ನೊಂದು ಗ್ರಿಡ್‌ನ ಕರೆಂಟ್ ಅದರಲ್ಲೇ ಸೇರಿರುತ್ತದೆ). ಸ್ಪೀಕರ್ ಜೋಡಿಸಿಯೇ ಆನ್ ಮಾಡಿ. ಬಯಸ್ ಅನ್ನು ಅತಿ ನೆಗೆಟಿವ್‌ಗೆ ಇಟ್ಟು ಶುರು ಮಾಡಿ, ಹತ್ತು ನಿಮಿಷ ಕಾದು ಹೊಂದಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಒಂದು ಕೈ ಜೇಬಿನಲ್ಲಿರಲಿ. 450 ವೋಲ್ಟ್ ಕ್ಷಮಿಸುವುದಿಲ್ಲ, ಸ್ವಿಚ್ ಆರಿಸಿದ ಮೇಲೂ ಕೆಪ್ಯಾಸಿಟರ್ ತುಂಬಿಯೇ ಇರುತ್ತದೆ.

ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ವಾಲ್ವ್) ಬದಲಿಸುವವರೂ ಹೀಟರ್ ಕರೆಂಟನ್ನೇ ಮರೆಯುತ್ತಾರೆ. ಜಿಝಡ್34ಗೆ 5 ವೋಲ್ಟ್‌ನಲ್ಲಿ 1.9 ಆಂಪ್ ಸಾಕು, 5ಯು4ಗೆ 3 ಆಂಪ್ ಬೇಕು. 5ವೈ3 ಕೊಡಬಲ್ಲದ್ದು 125 ಮಿಲಿಆಂಪ್ ಮಾತ್ರ, ದೊಡ್ಡ ಆಂಪ್ಲಿಫೈಯರ್‌ಗೆ ಅದು ಸಾಲದು.

ನಮ್ಮ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1961ರಲ್ಲಿ ಫಿಲಿಪ್ಸ್ ಸಹಯೋಗದಲ್ಲಿ ವಾಲ್ವ್ ಮಾಡಲು ಶುರು ಮಾಡಿತ್ತು. ಆ ಹಳೇ ಸ್ಟಾಕ್ ಸಿಕ್ಕರೆ ಬಿಡಬೇಡಿ, ಆದರೆ ಕೊಳ್ಳುವ ಮುಂಚೆ ಗಾಜಿನ ಒಳಗಿನ ಬೆಳ್ಳಿಯಂಥ ಗೆಟರ್ ಲೇಪ (ಒಳಗೆ ಉಳಿದ ಅನಿಲ ಹೀರುವ ಲೇಪ) ನೋಡಿ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಲೇಪ ಚೆನ್ನಾಗಿದ್ದರೂ ಟೆಸ್ಟರ್‌ನಲ್ಲಿ ಸಣ್ಣ ವಾಲ್ವಿನ ಎರಡೂ ಟ್ರಯೋಡ್ (ಒಂದೇ ಗಾಜಿನೊಳಗಿನ ಎರಡು ಭಾಗ) ಬೇರೆಬೇರೆಯಾಗಿ ಅಳೆದು ತೋರಿಸಲು ಕೇಳಿ.