ನೆಲಮಂಗಲ ದಾಟುವ ತನಕ

ಹಾಸನದಲ್ಲಿ ಹಾಸಿಗೆ ಹಿಡಿದಿರುವ ಅಜ್ಜಿಯನ್ನು ನೋಡಿ ಬರಲೆಂದು ಶುಕ್ರವಾರ ಸಂಜೆ 5 ಗಂಟೆಗೆ, ಮಕ್ಕಳು ಹಾಗೂ ಚಕ್ಕುಲಿ ಡಬ್ಬಿಯೊಂದಿಗೆ (ಅಜ್ಜಿಗೆ ಹಲ್ಲಿಲ್ಲವೆಂಬುದನ್ನು ಅಮ್ಮ ಮರೆತೇಬಿಟ್ಟಿದ್ದರು) ಜಯನಗರದಿಂದ ಹೊರಟ ನಾವು, ಸುಮಾರು 185 ಕಿಲೋಮೀಟರ್ ಪ್ರಯಾಣದ ಮೊದಲ ಎರಡೂವರೆ ಗಂಟೆಯನ್ನು ನೆಲಮಂಗಲ ತಲುಪುವುದರಲ್ಲೇ ಕಳೆದೆವು. ಮಂಗಳೂರಿಗೆ ಹೋಗುವವರೂ ಪುಣೆಗೆ ಹೋಗುವವರೂ ನೆಲಮಂಗಲದಲ್ಲಿ ದಾರಿ ಕವಲೊಡೆಯುವ ತನಕ ಈ ಒಂದೇ ತುಮಕೂರು ರಸ್ತೆಯನ್ನು ನೆಚ್ಚಿಕೊಂಡಿರುವುದರಿಂದ, ಗೊರಗುಂಟೆಪಾಳ್ಯದ ಸಿಗ್ನಲ್ ಮೂರು ಬಾರಿ ಹಸಿರಾದರೂ ನಮ್ಮ ಕಾರು ಕದಲಲಿಲ್ಲ. ಹಿಂದಿನ ಲಾರಿಯವನು ಮಾತ್ರ, ನಾವು ಬೇಕೆಂದೇ ನಿಂತಿದ್ದೇವೆ ಎಂಬಂತೆ, ಹಾರ್ನ್ ಒತ್ತುತ್ತಲೇ ಇದ್ದ. “ಎಲ್ಲಿಗೆ ಬಂದ್ರಿ ಮಗಾ?” ಎಂದು ಅಜ್ಜಿ ಎರಡು ಸಲ ಕೇಳಿದಾಗಲೂ ಪೀಣ್ಯವೆಂದೇ ಹೇಳಬೇಕಾಯಿತು. ನಾವು ಮನೆ ಮುಟ್ಟುವಷ್ಟರಲ್ಲಿ, ಕಾದು ಕಾದು ಅವರು ಮಾತ್ರೆ ನುಂಗಿ ಮಲಗಿದ್ದರು.