ಬಣ್ಣ ಬಳಿದ ಕಾವಿಗೆ ಪೂರ್ಣ ಅಂಕ

ಸಹಾಯಧನದಲ್ಲಿ ರೈತರಿಗೆ ಹಂಚಲಿರುವ ಕೊಡಲಿಯ ಗುಣಮಟ್ಟ ನಿರ್ಧರಿಸಲು ನಮ್ಮ ಮಲೆನಾಡಿನ ತಾಲ್ಲೂಕಿನಲ್ಲಿ ಸಮಿತಿಯೊಂದು ಸಭೆ ಸೇರಿತು. ಮೇಜಿನ ಮೇಲೆ ಹಸಿರು ಬಟ್ಟೆ, ಬಟ್ಟೆಯ ಮೇಲೆ ಒಂದು ಕೊಡಲಿ, ಪಕ್ಕದಲ್ಲಿ ಗಿಡ ಸವರುವ ಒಂದು ಕತ್ತರಿ, ಸುತ್ತಲೂ ಐವರು ಸದಸ್ಯರು ಇದ್ದರು. ಕಡಿದು ನೋಡಲು ಒಂದು ತುಂಡು ಕಟ್ಟಿಗೆ ಮಾತ್ರ ಇರಲಿಲ್ಲ. ಕಟ್ಟಿಗೆ ಖರೀದಿಗೆ ಲೆಕ್ಕ ಶೀರ್ಷಿಕೆ ಇಲ್ಲವೆಂದು ಅಧ್ಯಕ್ಷರು ವಿವರಿಸಿದ ಮೇಲೆ ಸಭೆಯು ಬಣ್ಣದ ಪರಿಶೀಲನೆಗೆ ತೊಡಗಿತು.

ಕೊಡಲಿಯ ಕಾವಿಗೆ, ಅಂದರೆ ಮರದ ಹಿಡಿಗೆ, ಕೆಂಪು ಬಣ್ಣವನ್ನು ದಪ್ಪನಾಗಿ ಬಳಿಯಲಾಗಿತ್ತು. ಬಣ್ಣದ ಕಾವು ಕಂಡರೆ ಹಳ್ಳಿಯವರು ಅನುಮಾನಪಡುತ್ತಾರೆ, ಏಕೆಂದರೆ ಮರದ ಎಳೆ ಕಾವಿನ ಉದ್ದಕ್ಕೆ ನೇರವಾಗಿ ಓಡಿದೆಯೋ, ಅಡ್ಡಕ್ಕೆ ಹೊರಳಿದೆಯೋ, ನಡುವೆ ಗಂಟು ಸೇರಿಕೊಂಡಿದೆಯೋ ಎಂಬುದನ್ನೆಲ್ಲ ಬಣ್ಣ ಮುಚ್ಚಿಬಿಡುತ್ತದೆ. ಸಮಿತಿಯು ಅದೇ ಬಣ್ಣಕ್ಕೆ ‘ಮೇಲ್ಮೈ ಆಕರ್ಷಕವಾಗಿದೆ’ ಎಂದು ಷರಾ ಬರೆದು ಪೂರ್ಣ ಅಂಕ ನೀಡಿತು. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಅಡಿಯಲ್ಲಿ ಕೊಳ್ಳುವ ಕಾವು ಇಷ್ಟು ಅಪಾರದರ್ಶಕವಾಗಿರಬಹುದೆಂದು ಶಾಸನ ರಚಿಸಿದವರು ಊಹಿಸಿರಲಾರರು. ಮರದ ಹಿಡಿಗಳಿಗೆಂದೇ ಐಎಸ್ 620 ಎಂಬ ಭಾರತೀಯ ಮಾನಕ ಇದೆಯಲ್ಲ ಎಂದು ಸದಸ್ಯರೊಬ್ಬರು ನೆನಪಿಸಿದಾಗ, ಆ ಸಂಖ್ಯೆಯನ್ನು ಟೆಂಡರಿನಲ್ಲಿ ಅಚ್ಚು ಹಾಕಿಸಿರುವುದರಿಂದ ಕಾವು ಅದಕ್ಕೆ ಒಪ್ಪುವಂತೆಯೇ ಇರುತ್ತದೆ ಎಂಬ ಉತ್ತರ ಬಂತು.

ಬಾಗಿಲ ಬಳಿ ನಿಂತಿದ್ದ ಊರಿನ ಕಮ್ಮಾರರು ಲಾರಿಯ ಹಳೆಯ ಕಮಾನುಪಟ್ಟಿಯಲ್ಲಿ ಕೊಡಲಿ ಬಡಿದೇ ತಲೆ ನರೆಸಿಕೊಂಡವರು. “ಸ್ವಾಮಿ, ಕೊಡಲಿಯ ಬಾಯಿಗೆ ಒಂದು ಸಲ ಅರ ಎಳೆದು ನೋಡಿ. ಬೆಣ್ಣೆಯ ಹಾಗೆ ಕಚ್ಚಿದರೆ ಕಬ್ಬಿಣ ಮೆದು, ಮಡಚಿಕೊಳ್ಳುತ್ತದೆ. ಗಾಜಿನ ಮೇಲೆ ಎಳೆದ ಹಾಗೆ ಜಾರಿದರೆ ಹದ ಮೀರಿದೆ, ಚಕ್ಕೆ ಏಳುತ್ತದೆ. ಕಾವು ತಡಸಲು ಮರದ್ದೋ ದಿಂಡಿಗದ್ದೋ ಆದರೆ ಏಟಿನ ಅದುರನ್ನು ನುಂಗಿಕೊಳ್ಳುತ್ತದೆ” ಎಂದು ಅವರು ವಿನಯದಿಂದಲೇ ಹೇಳಿದರು. ಅವರ ಬಳಿ ಜಿಎಸ್‌ಟಿ ಸಂಖ್ಯೆ ಇಲ್ಲದ ಕಾರಣ ಈ ಅಭಿಪ್ರಾಯವನ್ನು ನಡಾವಳಿಯಲ್ಲಿ ದಾಖಲಿಸಲು ಬರಲಿಲ್ಲ.

ಕತ್ತರಿಯ ವಿಚಾರ ಬೇಗನೆ ಮುಗಿಯಿತು. ಕಾಫಿ ಗಿಡದ ಹಸಿ ರೆಂಬೆಗೆ ಒಂದರ ಪಕ್ಕ ಒಂದು ಸರಿಯುವ ಎರಡು ಅಲಗಿನ ಕತ್ತರಿ ಬೇಕು. ಒಂದೇ ಅಲಗು ಚಪ್ಪಟೆ ತಟ್ಟೆಯ ಮೇಲೆ ಬಂದು ಕೂರುವ ಕತ್ತರಿ ಹಸಿ ತೊಗಟೆಯನ್ನು ಜಜ್ಜುತ್ತದೆ. ಆದರೆ ಎರಡು ಅಲಗಿಗಿಂತ ಒಂದು ಅಲಗು ಅಗ್ಗವೆಂಬ ಗಣಿತವನ್ನು ಅಲ್ಲಗಳೆಯಲು ಯಾರಿಂದಲೂ ಆಗಲಿಲ್ಲ. ಫೋಟೊದಲ್ಲಿ ಯೋಜನೆಯ ಸ್ಟಿಕರ್ ಸರಿಯಾಗಿ ಕಾಣಬೇಕೆಂದು ಕೊಡಲಿಯನ್ನು ನಾಲ್ಕು ಸಲ ತಿರುಗಿಸಿ ಇಡಲಾಯಿತು ಎಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಇಡೀ ಪರೀಕ್ಷೆಯಲ್ಲಿ ಆ ಕೊಡಲಿ ಅಲುಗಾಡಿದ್ದು ಅಷ್ಟೇ.

ಕೊಡಲಿಗಳನ್ನು ಹಂಚಿದ ಮೇಲೆ, ಬಣ್ಣದಡಿ ಅಡಗಿದ್ದ ಹಸಿ ನೀಲಗಿರಿಯ ಕಾವು ಬೇಸಗೆಯಲ್ಲಿ ಒಣಗಿ ಕುಗ್ಗಿತು, ಬೆಣೆ ಸಡಿಲವಾಯಿತು, ತೋಟದ ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯ ಹೊತ್ತಿಗೆ ಕೊಡಲಿಗಳ ತಲೆ ಹಾರತೊಡಗಿತು. ರಾತ್ರಿಯೆಲ್ಲ ಬಕೆಟ್ಟಿನ ನೀರಿನಲ್ಲಿ ನೆನೆಸಿಟ್ಟರೆ ಬಿಗಿಯಾಗುತ್ತದೆ ಎಂಬ ಸಲಹೆಯೂ ಕಚೇರಿಯಿಂದಲೇ ಬಂತು. ಹಾಗೆ ಉಬ್ಬಿದ ಕಾವು ಮತ್ತೆ ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ ಎಂಬುದು ಮಾತ್ರ ಸಲಹೆಯಲ್ಲಿ ಇರಲಿಲ್ಲ. ಕೊನೆಗೆ ರೈತರು ದೂರು ಕೊಡಲು ಹೋದರು. ಅರ್ಜಿಯ ಮೂರನೆಯ ಕಲಮು ಹೀಗಿದೆ: ‘ತಲೆ ಮತ್ತು ಕಾವು ಬೇರ್ಪಟ್ಟಿರುವ ಬಗ್ಗೆ ದೂರು ಇದ್ದಲ್ಲಿ, ಎರಡೂ ಕೂಡಿಕೊಂಡಿರುವ ಸುಸ್ಥಿತಿಯಲ್ಲಿ ಉಪಕರಣವನ್ನು ಕಚೇರಿಗೆ ಹಾಜರುಪಡಿಸತಕ್ಕದ್ದು.’