ಫ್ರಿಜ್ಜಿನ ಶ್ರುತಿ ಐದು

ನಮ್ಮ ಬ್ಯಾಂಡಿಗೆ ಇನ್ನೂ ಹೆಸರಿಟ್ಟಿಲ್ಲ. ಇರೋದು ನಾಲ್ಕು ಜನ, ಬಂದಿರೋ ಹೆಸರು ಒಂಬತ್ತು, ಅದೇ ತೊಂದರೆ. ಆದರೆ ನಮ್ಮದು ಪ್ರಯೋಗಾತ್ಮಕ ಬ್ಯಾಂಡ್ ಅನ್ನುವುದರಲ್ಲಿ ಯಾರಿಗೂ ತಕರಾರಿಲ್ಲ. ಹನುಮಂತನಗರದ ನಮ್ಮ ಮನೆಯ ಹತ್ತಡಿ ರೂಮಿನಲ್ಲಿ ಡ್ರಮ್ ಸೆಟ್ ಇಟ್ಟರೆ ಬಾರಿಸುವವನು ಹೊರಗೆ ನಿಲ್ಲಬೇಕಾಗುತ್ತದೆ. ಹಾಗಾಗಿ ಅವನು ಅಮ್ಮನ ಕೊಳಗ, ಎರಡು ಬಿಂದಿಗೆ ಮತ್ತು ಇಡ್ಲಿ ಸ್ಟ್ಯಾಂಡ್ ಬಾರಿಸುತ್ತಾನೆ. ಕೇಳಿದವರು ‘ಏನ್ ಪ್ರಯೋಗ ರೀ!’ ಅಂತಾರೆ. ನಾವು ಸುಮ್ನೆ ತಲೆ ಆಡಿಸುತ್ತೇವೆ.

ಸ್ಟುಡಿಯೋದಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು. ನಮ್ಮ ಗಿಟಾರಿನವನಿಗೆ ಚೀಲದಿಂದ ಗಿಟಾರ್ ತೆಗೆಯೋಕೇ ಒಂದು ಗಂಟೆ ಬೇಕು. ಅದಕ್ಕೇ ಮೊದಲ ಆಲ್ಬಂ ಮನೆಯಲ್ಲೇ ರೆಕಾರ್ಡ್ ಮಾಡೋಣ ಅಂತಾಯಿತು. ಎಸ್‌.ಪಿ. ರೋಡಿನಲ್ಲಿ ಕೇಬಲ್ಲು, ಸ್ಟ್ಯಾಂಡು ತಂದೆವು. ಒಂದು ಕಂಡೆನ್ಸರ್ ಮೈಕೂ ಬಂತು. ಅದಕ್ಕೆ 48 ವೋಲ್ಟ್ ಕೊಟ್ಟರೆ ಮಾತ್ರ ಕಿವಿ ಕೇಳಿಸುತ್ತದೆ. ಕೊಟ್ಟ ಮೇಲೆ ಮಾತ್ರ ಬೀದಿ ಕೊನೆಯ ಹೂವಿನವಳು ಮೊಳ ಎಷ್ಟಕ್ಕೆ ಕೊಟ್ಟಳು ಅನ್ನುವುದೂ ಕೇಳಿಸುತ್ತದೆ.

ಯಾರೋ ಮೊಟ್ಟೆ ಟ್ರೇ ಅಂಟಿಸಿ ಅಂದರು. ಅಂಗಡಿಯವನಿಂದ ನಲವತ್ತು ಟ್ರೇ ತಂದು ಗೋಡೆಗೆ ಬಡಿದೆವು. ಇದೊಂದು ದೊಡ್ಡ ಮೋಸ, ನಂಬಬೇಡಿ. ಹೊರಗಿನ ಸದ್ದು ತಡೆಯೋಕೆ ಭಾರ ಇರುವ ಗೋಡೆ ಬೇಕು, ಕಾಗದದ ಟ್ರೇ ಅಲ್ಲ. ಅದು ರೂಮಿನೊಳಗಿನ ಪ್ರತಿಧ್ವನಿಯನ್ನು ಒಂಚೂರು ಕಮ್ಮಿ ಮಾಡಬಹುದು, ಅಷ್ಟೇ. ಆ ಕೆಲಸವನ್ನು ಮನೆಯ ಹತ್ತಿ ಹಾಸಿಗೆಗಳೇ ಅದಕ್ಕಿಂತ ಚೆನ್ನಾಗಿ ಮಾಡಿದವು. ಟ್ರೇಗಳಿಂದ ಆದ ಲಾಭ ಅಂದರೆ ಜಿರಳೆಗಳಿಗೆ ಮನೆ ಸಿಕ್ಕಿದ್ದು. ಅದೂ ತಲಾ ಒಂದೊಂದು ರೂಮು.

ಆಮೇಲೆ ರಾತ್ರಿ ರೆಕಾರ್ಡಿಂಗ್ ಶುರು ಮಾಡಿದೆವು. ಹನ್ನೊಂದಕ್ಕೆ ಬೀದಿ ನಾಯಿಗಳೂ ಶುರು ಮಾಡುತ್ತವೆ, ಒಂದೂವರೆಗೆ ಮುಗಿಸುತ್ತವೆ. ಐದಕ್ಕೆ ದೇವಸ್ಥಾನದ ಮೈಕು. ನಡುವಿನ ಮೂರೂವರೆ ಗಂಟೆ ಪೂರ್ತಿ ನಮ್ಮದೇ. ಹಾಗಂದುಕೊಂಡಿದ್ದೆವು. ಎಲ್ಲ ಸದ್ದೂ ಅಡಗಿದ ಮೇಲೆ ಹೆಡ್‌ಫೋನಿನಲ್ಲಿ ಒಂದು ‘ಗುಂಯ್’ ಉಳಿಯಿತು. ಕೇಬಲ್ ಬದಲಾಯಿಸಿದೆವು. ಪ್ಲಗ್ಗು ತಿರುಗಿಸಿದೆವು. ಗಿಟಾರಿನವನ ಮೇಲೆ ಅನುಮಾನಪಟ್ಟೆವು. ಕೊನೆಗೆ ನೋಡಿದರೆ ಗೋಡೆಯ ಆಚೆ ಅಡುಗೆಮನೆಯಲ್ಲಿ ಅಮ್ಮನ ಹಳೇ ಫ್ರಿಜ್ಜು!

ಆರಿಸಿದರಾಯಿತು, ಅಲ್ವಾ? ಆರಿಸಿದೆವು. ಆನ್ ಮಾಡೋದು ಮರೆತೆವು. ಏಪ್ರಿಲ್ ಸೆಕೆ ಬೇರೆ. ಬೆಳಿಗ್ಗೆ ಅಮ್ಮ ಬಾಗಿಲು ತೆಗೆದರೆ ದೋಸೆ ಹಿಟ್ಟು ಪಾತ್ರೆಯ ಮುಚ್ಚಳವನ್ನು ತಲೆ ಮೇಲೆ ಹೊತ್ತುಕೊಂಡು ಎದ್ದು ನಿಂತಿತ್ತು. ಅಲ್ಲಿಂದ ತರಕಾರಿ ಡಬ್ಬಕ್ಕೆ ಇಳಿದು, ಕೊತ್ತಂಬರಿ ಕಟ್ಟನ್ನು ಮುಳುಗಿಸಿ, ನೆಲ ಮುಟ್ಟೋಕೆ ಹೊರಟಿತ್ತು. ಹಾಲೂ ಒಡೆದಿತ್ತು. ಅಮ್ಮ ಬೈಯಲಿಲ್ಲ. ಸ್ವಿಚ್ಚಿನ ಮೇಲೆ ಒಂದು ಚೀಟಿ ಅಂಟಿಸಿದಳು: ‘ಮುಟ್ಟಿದರೆ ಬ್ಯಾಂಡ್ ಬಜಾಯಿಸ್ತೀನಿ.’

ದಾರಿ ಹೇಳಿದವಳೂ ಅವಳೇ. ಅಮ್ಮ ಕರ್ನಾಟಕ ಸಂಗೀತದಲ್ಲಿ ಜೂನಿಯರ್ ಪಾಸು. ಒಂದು ರಾತ್ರಿ ನೀರು ಕುಡಿಯೋಕೆ ಬಂದವಳು ನಮ್ಮ ಹಾಡು ಕೇಳಿ, ‘ಫ್ರಿಜ್ಜು ಸರಿಯಾಗೇ ಇದೆ ಕಣ್ರೋ, ಶ್ರುತಿ ಬಿಟ್ಟಿರೋದು ನೀವು’ ಅಂದಳು. ಹೆಂಗಸರು ಜಾಸ್ತಿ ಹಾಡುವ ಐದರ ಶ್ರುತಿಯಂತೆ ಅದು. ಇಷ್ಟು ವರ್ಷ ಸಾರು ಕುದಿಸುತ್ತಾ ಅವಳು ಗುನುಗಿದ್ದೆಲ್ಲ ಅದೇ ಶ್ರುತಿಗೆ.

ಲೆಕ್ಕ ಹಾಕಿದರೆ ಅಮ್ಮ ಹೇಳಿದ್ದು ನಿಜ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡಾಡುತ್ತದೆ. ಪ್ರತಿ ಓಡಾಟದಲ್ಲೂ ಮೋಟಾರಿನ ಕಬ್ಬಿಣ ಎರಡು ಸಲ ನಡುಗುತ್ತದೆ, ಅಂದರೆ 100 ಹರ್ಟ್ಸ್. ಐದರ ಶ್ರುತಿ ಅಂದರೆ ಗಿಟಾರಿನ ‘ಜಿ’ ಸ್ವರ, ಅದು 98. ತಂತಿ ಒಂದು ಕೂದಲೆಳೆ ಬಿಗಿ ಮಾಡಿದರೆ ಫ್ರಿಜ್ಜೇ ತಂಬೂರಿ! ಐದು ಹಾಡು ಹಾಗೇ ಮುಗಿಸಿದೆವು. ಗಾಯಕನ ಗಂಟಲು ಅಲ್ಲಿಗೆ ಏರುತ್ತಿರಲಿಲ್ಲ. ಅದನ್ನೂ ಪ್ರಯೋಗದ ಲೆಕ್ಕಕ್ಕೇ ಸೇರಿಸಿದೆವು.

ಇನ್ನು ಮೂರು ಹಾಡು ಬಾಕಿ ಇತ್ತು. ಆಯುಧಪೂಜೆಗೆ ಎಕ್ಸ್‌ಚೇಂಜ್ ಆಫರ್ ಬಂತು. ನಾನು ಆಫೀಸಿನಿಂದ ಬರೋಷ್ಟರಲ್ಲಿ ನಮ್ಮ ತಂಬೂರಿಯನ್ನು ಟೆಂಪೋಗೆ ಹಾಕಿ ಕಳಿಸಿಯಾಗಿತ್ತು. ಆ ಜಾಗದಲ್ಲಿ ಹೊಸ ಇನ್ವರ್ಟರ್ ಫ್ರಿಜ್ಜು, ಹಣೆಗೆ ಕುಂಕುಮ ಇಟ್ಟುಕೊಂಡು ನಿಂತಿದೆ. ಅದರ ಮೋಟಾರು ಬೇಕಾದಾಗ ಜೋರು, ಬೇಡವಾದಾಗ ನಿಧಾನ ಓಡುತ್ತದೆ. ಹಾಗಾಗಿ ಸ್ವರವೂ ಜಾರುತ್ತದೆ. ‘ಗಮಕ ಹಾಕ್ತಿದೆ ಬಿಡು’ ಅಂದಳು ಅಮ್ಮ. ಕರೆಂಟ್ ಬಿಲ್ಲು ಕಮ್ಮಿ ಬರುತ್ತಂತೆ.

ರೆಕಾರ್ಡ್ ಆಗಿರೋ ಹಳೇ ಗುಂಯ್‌ನ್ನೇ ಕತ್ತರಿಸಿ ಅಂಟಿಸಬಹುದಲ್ವಾ ಅಂತ ಕೇಳಬೇಡಿ. ಮಾಡಿದೆವು. ಬರೀ ಗುಂಯ್ ಇರುವ ತುಂಡು ಸಿಕ್ಕಿದ್ದು ಹನ್ನೊಂದು ಸೆಕೆಂಡು. ಅದರ ಕೊನೆಗೆ ಯಾರೋ ಕೆಮ್ಮಿದ್ದಾರೆ. ಹಾಡಿನುದ್ದಕ್ಕೂ ಹನ್ನೊಂದು ಸೆಕೆಂಡಿಗೊಮ್ಮೆ ಕೆಮ್ಮು. ಕೆಮ್ಮಿದ್ದು ತಾನಲ್ಲ ಅಂತ ನಾಲ್ಕೂ ಜನ ಆಣೆ ಮಾಡಿದ್ದೇವೆ.

ನಮ್ಮನ್ನು ಉಳಿಸಿದ್ದು ಡ್ರಮ್ಮರ್. ಬಿಂದಿಗೆ ಬಾರಿಸಿದರೂ ಅವನು ಓದಿರೋದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ‘2013ರ ಡಿಸೆಂಬರಿನಲ್ಲಿ ದಕ್ಷಿಣದ ಕರೆಂಟ್ ಗ್ರಿಡ್ಡನ್ನೂ ಉಳಿದ ಗ್ರಿಡ್ಡಿಗೆ ಸೇರಿಸಿದ್ದಾರೆ. ಈಗ ಇಡೀ ದೇಶಕ್ಕೆ ಒಂದೇ ಶ್ರುತಿ ಕಣೋ. ಯಾರ ಮನೆ ಹಳೇ ಫ್ರಿಜ್ಜಾದರೂ ಆಗುತ್ತೆ’ ಅಂದ. ಎದುರುಮನೆ ಆಂಟಿಯದು ನಮ್ಮದಕ್ಕಿಂತ ಹಳೇದು. ನಮ್ಮ ನಾಲ್ವರನ್ನು ನಂಬಿ ಅಡುಗೆಮನೆ ಬಿಟ್ಟುಕೊಡೋಕೆ ಅವರು ಒಪ್ಪಲಿಲ್ಲ. ಅಮ್ಮ ಜೊತೆಗೆ ಕೂತಿರೋದಾದರೆ ಸರಿ ಅಂದರು.

ಭಾನುವಾರ ಮಧ್ಯಾಹ್ನ ಗ್ಯಾಸ್ ಕಟ್ಟೆ ಮೇಲೆ ಲ್ಯಾಪ್‌ಟಾಪ್, ಉಪ್ಪಿನಕಾಯಿ ಭರಣಿಗೆ ಒರಗಿಸಿ ಮೈಕು. ನೆಲದಲ್ಲಿ ಅಮ್ಮ, ಆಂಟಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಮೂರನೇ ಟೇಕು ಅದ್ಭುತವಾಗಿ ಸಾಗುತ್ತಿತ್ತು. ಹಾಡಿನ ಮುಕ್ಕಾಲಿಗೆ ಕರೆಂಟು ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತಲೇ ಇತ್ತು. ಫ್ರಿಜ್ಜು ಒಮ್ಮೆ ನಡುಗಿ ನಿಂತಿತು. ನಾವು ಕೈ ಎತ್ತಬೇಕು, ಅಷ್ಟರಲ್ಲಿ ಕೆಳಗಿನಿಂದ ಅದೇ ಸ್ವರ ಕೇಳಿಸಿತು. ಅಮ್ಮ ಅವರೆಕಾಯಿ ಬುಟ್ಟಿಯಿಂದ ತಲೆ ಎತ್ತದೆ ‘ಸಾ’ ಹಿಡಿದಿದ್ದಳು. ನಿಲ್ಲಿಸಬೇಡಿ ಅಂತ ಕೈಸನ್ನೆ ಬೇರೆ. ನಿಲ್ಲಿಸಲಿಲ್ಲ. ಉಸಿರು ತೆಗೆದುಕೊಳ್ಳೋಕೆ ಮಾತ್ರ ಎರಡು ಕಡೆ ಬಿಟ್ಟಳು. ಅಲ್ಲೆಲ್ಲ ಅವರೆಕಾಯಿ ಸಿಡಿಯೋ ಸದ್ದಿದೆ.

ಮುಗಿದ ಮೇಲೆ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು: ‘ಆಲ್ಬಮ್ಮಲ್ಲಿ ನನ್ನ ಹೆಸರು ಹಾಕ್ತೀರೇನೋ?’

‘ಹಾಕ್ತೀವಮ್ಮ.’

‘ಹಾಗಾದ್ರೆ ಫ್ರಿಜ್ಜಿಗಿಂತ ಮೇಲೆ ಹಾಕಿ.’